ಟೊಂಕದ ಕೀಲು ಜಾರಿಲ್ಲ, ಸ್ಕ್ರೂ ಮಾತು ಆಮೇಲೆ

ಓದುಗರ ಪ್ರಶ್ನೆ

"ಡಾಕ್ಟರ್ ಸಾಹೇಬ್ರೆ, ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ವಯಸ್ಸು 34. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ, ಏಳು ತಿಂಗಳಿಗೆ, ಬಲಗಡೆ ಟೊಂಕದ ಕೆಳಗೆ ನೋವು ಶುರುವಾಯಿತು. ಸಿಸೇರಿಯನ್ ಆಗಿ ಈಗ ಎರಡು ವರ್ಷ. ಮಗು ಓಡಾಡುತ್ತಿದೆ, ನನ್ನ ನೋವು ಹಾಗೇ ಇದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಬಸ್ ಹತ್ತುವಾಗ, ಕೆಳಗೆ ಕೂತು ರೊಟ್ಟಿ ಬಡಿದು ಏಳುವಾಗ ಕಣ್ಣಲ್ಲಿ ನೀರು ಬರುತ್ತದೆ. ಬೆಳಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿ ಇರುತ್ತದೆ. ಎಂಆರ್‌ಐ ಮಾಡಿಸಿದಾಗ ಡಿಸ್ಕ್ ಉಬ್ಬಿದೆ ಅಂದರು. ಇನ್ನೊಬ್ಬ ಡಾಕ್ಟರು ಡಿಸ್ಕ್ ಅಲ್ಲ, ಸ್ಯಾಕ್ರೋಇಲಿಯಾಕ್ ಕೀಲು ಅಂದು ಅಲ್ಲೇ ಟೇಬಲ್ ಮೇಲೆ ಮಲಗಿಸಿ ಸ್ಟೆರಾಯ್ಡ್ ಸೂಜಿ ಹಾಕಿದರು. ಎರಡು ವಾರ ಆರಾಮಿತ್ತು, ಮತ್ತೆ ಶುರು. ಈಗ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಕೀಲಿಗೆ ಸ್ಕ್ರೂ ಹಾಕಿ ಕೂಡಿಸಿಬಿಡೋಣ ಅನ್ನುತ್ತಿದ್ದಾರೆ. ನಮ್ಮ ಅತ್ತೆ, ಕೀಲು ಜಾರಿದೆ, ಎಳೆದು ಕೂಡಿಸುವವರ ಹತ್ತಿರ ಹೋಗೋಣ ಅನ್ನುತ್ತಾರೆ. ಓಣಿಯವರೆಲ್ಲ ಸಿಸೇರಿಯನ್ ಟೈಮಲ್ಲಿ ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಇದು ಅನ್ನುತ್ತಾರೆ. ಯಾವುದು ನಿಜ? ನನ್ನ ತಮ್ಮನಿಗೆ 27 ವರ್ಷ. ಅವನಿಗೂ ಬೆಳಗ್ಗೆ ಬೆನ್ನು ಬಿಗಿ, ಕಣ್ಣು ಬೇರೆ ಆಗಾಗ ಕೆಂಪಾಗುತ್ತದೆ. ನಮ್ಮ ಮನೆತನದ ಮೂಳೆಯೇ ವೀಕಾ?"

ಉತ್ತರ

ಅಕ್ಕೋರೆ, ಮೊದಲು ಒಂದು ಮಾತು. ಸ್ಕ್ರೂ ಬಗ್ಗೆ ಈ ತಿಂಗಳೇ ತೀರ್ಮಾನ ಮಾಡುವ ಅವಸರ ನಿಮಗಿಲ್ಲ. ಕಾಲಿನ ಶಕ್ತಿ ಹೋಗಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಜ್ವರ ಬರುತ್ತಿದ್ದರೆ ಮಾತು ಬೇರೆ. ಅದ್ಯಾವುದನ್ನೂ ನೀವು ಬರೆದಿಲ್ಲ. ಹಾಗಾಗಿ ಟೈಮಿದೆ. ಆ ಟೈಮಲ್ಲಿ ಮಾಡಬೇಕಾದ ಕೆಲಸ ಒಂದೇ: ನೋವು ನಿಜವಾಗಿ ಈ ಕೀಲಿನದ್ದೇನಾ, ಆಗಿದ್ದರೆ ಯಾಕೆ ಅಂತ ಗೊತ್ತುಮಾಡಿಕೊಳ್ಳುವುದು. ನಿಮಗೆ ಸೂಜಿ ಆಯ್ತು, ಸ್ಕ್ರೂ ಮಾತೂ ಆಯ್ತು. ಈ ಕೆಲಸ ಮಾತ್ರ ಇನ್ನೂ ಪೂರ್ತಿ ಆದ ಹಾಗೆ ಕಾಣುತ್ತಿಲ್ಲ. ನನ್ನ ಓಪಿಡಿಗೆ ಈ ಭಾಗದ ಮೂರೂ ಜಿಲ್ಲೆಗಳಿಂದ ಟೊಂಕದವರು ಬರುತ್ತಾರೆ. ಈ ಕೀಲಿನಿಂದ ಆದ ತೊಂದರೆಗಿಂತ, ಕಾರಣ ತಿಳಿಯದೆ ಮಾಡಿದ ಚಿಕಿತ್ಸೆಯ ತೊಂದರೆಯೇ ಅವರಲ್ಲಿ ಜಾಸ್ತಿ ಕಾಣುತ್ತದೆ.

ಓಣಿಯವರ ಮಾತನ್ನು ಬೇಗ ಮುಗಿಸುತ್ತೇನೆ. ನಿಮ್ಮ ನೋವು ಶುರುವಾಗಿದ್ದು ಏಳನೇ ತಿಂಗಳಲ್ಲಿ. ಬೆನ್ನಿಗೆ ಸೂಜಿ ಕೊಟ್ಟಿದ್ದು ಹೆರಿಗೆ ದಿನ. ಮೊದಲೇ ಇದ್ದ ನೋವಿಗೆ ಆಮೇಲೆ ಕೊಟ್ಟ ಸೂಜಿ ಕಾರಣ ಆಗೋದು ಹೇಗೆ? ಆ ಸೂಜಿ ಕೂದಲಿನಷ್ಟು ಸಣ್ಣದಲ್ಲದಿದ್ದರೂ ತೀರಾ ಸಣ್ಣದೇ. ಅದನ್ನು ಹಾಕುವುದು ಬೆನ್ನುಮೂಳೆಯ ನಡುಗೆರೆಯಲ್ಲಿ, ನಿಮ್ಮ ನೋವಿನ ಜಾಗಕ್ಕಿಂತ ಮೇಲೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಕೆಲವರಿಗೆ ಒಂದು ವಾರ ವಿಪರೀತ ತಲೆನೋವು ಬರಬಹುದು. ವರ್ಷಗಟ್ಟಲೆ ಟೊಂಕ ನೋವು ಅದರಿಂದ ಬರುವುದಿಲ್ಲ. ಬಾಣಂತಿಯರಲ್ಲಿ ಟೊಂಕ ನೋವು ಮೊದಲೇ ಜಾಸ್ತಿ, ಸಿಸೇರಿಯನ್ ಕೂಡ ಜಾಸ್ತಿ. ಎರಡೂ ಒಟ್ಟಿಗೆ ಕಂಡಾಗ ಜನ ಗಂಟು ಹಾಕುತ್ತಾರೆ.

ಇನ್ನು ಅತ್ತೆಯವರ "ಕೀಲು ಜಾರಿದೆ" ಮಾತು. ಇದು ಅವರೊಬ್ಬರ ತಪ್ಪಲ್ಲ, ಎಷ್ಟೋ ವೈದ್ಯರೂ ಹೀಗೇ ಹೇಳುತ್ತಾರೆ. ಟೊಂಕದ ಕೆಳಗೆ, ಬೆನ್ನುಮೂಳೆಯ ತಳದಲ್ಲಿ ಒಂದು ತ್ರಿಕೋನದ ಮೂಳೆ ಇದೆ. ಅದರ ಎರಡೂ ಪಕ್ಕ ಅಗಲವಾದ ಟೊಂಕದ ಮೂಳೆ ಕೂಡುತ್ತದೆ. ಆ ಕೂಡುವ ಜಾಗವೇ ಸ್ಯಾಕ್ರೋಇಲಿಯಾಕ್ ಕೀಲು. ಬಲಕ್ಕೊಂದು, ಎಡಕ್ಕೊಂದು. ಮೊಣಕಾಲು, ಭುಜದ ಹಾಗೆ ನುಣ್ಣಗೆ ತಿರುಗುವ ಕೀಲಲ್ಲ ಇದು. ಎರಡೂ ಮೂಳೆಯ ಮೈ ಒರಟು, ತಗ್ಗು ದಿಣ್ಣೆ. ಬೀದರ್ ಕೋಟೆಯ ಗೋಡೆಯ ಕಲ್ಲು ಒಂದಕ್ಕೊಂದು ಕಚ್ಚಿ ಕೂತ ಹಾಗೆ ಕೂತಿರುತ್ತವೆ. ಹಿಂದೆ ಮುಂದೆ ಮೂಳೆಗೆ ಮೂಳೆ ಬಿಗಿಯುವ ನಾರಿನ ಕಟ್ಟುಗಳು, ಹಿಂದಿನವಂತೂ ಮೈಯಲ್ಲೇ ಬಲು ಗಟ್ಟಿಯಾದವು. ಇಡೀ ಮೇಲಿನ ಮೈ ಭಾರ ಕಾಲಿಗೆ ಇಳಿಯುವುದು ಇದರ ಮೂಲಕವೇ. ಅಷ್ಟು ಭಾರ ಹೊರುವ ಕೀಲು ಅಲುಗಾಡುವುದು ಎಷ್ಟು? ಅಳೆದು ನೋಡಿದವರ ಪ್ರಕಾರ ಎರಡು ಮೂರು ಡಿಗ್ರಿ, ಒಂದೆರಡು ಮಿಲಿಮೀಟರ್. ಅಷ್ಟೇ. ದೊಡ್ಡ ಅಪಘಾತದಲ್ಲಿ ಟೊಂಕದ ಮೂಳೆ ಮುರಿದಾಗ ಇದು ಬಿಡಬಹುದು. ರೊಟ್ಟಿ ಬಡಿದು ಎದ್ದಾಗ ಜಾರುವ ಕೀಲಲ್ಲ.

ಹಾಗಾದರೆ ಎಳೆಸಿಕೊಂಡವರಿಗೆ ಆರಾಮಾಗುತ್ತದಲ್ಲ ಅಂತ ಕೇಳಬಹುದು. ಆಗುತ್ತದೆ, ಸುಳ್ಳಲ್ಲ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ಮೂಳೆಯೊಳಗೆ ಸಣ್ಣ ಲೋಹದ ಗುಂಡು ಇಟ್ಟು, ಕೀಲು ಕೂಡಿಸುವ ಮೊದಲು ಮತ್ತು ಆಮೇಲೆ ವಿಶೇಷ ಎಕ್ಸ್‌ರೇ ತೆಗೆದರು. ಕೈಯಿಂದ ಪರೀಕ್ಷೆ ಮಾಡಿದವರಿಗೆ "ಈಗ ಸರಿ ಕೂತಿದೆ" ಅನ್ನಿಸಿತ್ತು. ಎಕ್ಸ್‌ರೇಯಲ್ಲಿ ಮೂಳೆ ಇದ್ದಲ್ಲೇ ಇತ್ತು. ಎಳೆದಾಗ ಬಿಗಿದ ಸ್ನಾಯು ಸಡಿಲಾಗುತ್ತದೆ, ಲಟಕ್ ಅಂತ ಶಬ್ದ ಬರುತ್ತದೆ, ಕೆಲವು ದಿನ ಹಗುರ ಅನಿಸುತ್ತದೆ. ಕೂಡಿಸುವವರು ಕೂಡಿಸಿದ್ದೇನೂ ಇಲ್ಲ. ತರಬೇತಿ ಇರುವ ಫಿಸಿಯೋ ಮೆಲ್ಲಗೆ ಮಾಡಿದರೆ ನನ್ನ ತಕರಾರಿಲ್ಲ. ಆದರೆ ಮಂಡಿ ಊರಿ, ತೊಡೆ ಹಿಡಿದು ತಿರುಚುವವರ ಹತ್ತಿರ ಬೇಡ. ಮೂಳೆ ಟೊಳ್ಳಾಗಿದ್ದರೆ, ಒಳಗೆ ಟಿಬಿ ಇದ್ದರೆ, ಡಿಸ್ಕ್ ನಿಜವಾಗಿಯೂ ಹೊರಬಂದಿದ್ದರೆ ಅದು ಅವರಿಗೆ ಕಾಣುವುದಿಲ್ಲ. ಬರೆ ಹಾಕಿಸುವ ಪದ್ಧತಿಯೂ ನಮ್ಮ ಕಡೆ ಇನ್ನೂ ನಿಂತಿಲ್ಲ. ಟೊಂಕದ ಎರಡೂ ಪಕ್ಕ ಕಪ್ಪು ಗೆರೆ ಇಟ್ಟುಕೊಂಡು ಬರುತ್ತಾರೆ. ಸುಟ್ಟ ಜಾಗ ಕೀವಾದರೆ ಅದು ವಾಸಿಯಾಗುವ ತನಕ ಅಲ್ಲಿ ಯಾವ ಸೂಜಿಯನ್ನೂ ಹಾಕುವ ಹಾಗಿಲ್ಲ.

ಈಗ ಮುಖ್ಯ ವಿಷಯ. ನೋವು ಈ ಕೀಲಿನದ್ದೇನಾ?

ನಾನು ಮೊದಲು ಕೇಳುವುದು, "ಒಂದೇ ಬೆರಳಲ್ಲಿ ತೋರಿಸಿ, ಎಲ್ಲಿ?" ಅಂತ. ಡಿಸ್ಕ್ ನೋವಿನವರು ಹೆಚ್ಚಾಗಿ ಇಡೀ ಅಂಗೈಯನ್ನು ಟೊಂಕದ ಅಡ್ಡಕ್ಕೆ ಸವರುತ್ತಾರೆ. ಈ ಕೀಲಿನವರು ಕುಂಡೆಯ ಮೇಲ್ಭಾಗದಲ್ಲಿ ಸಣ್ಣ ಗುಳಿ ಬೀಳುತ್ತದಲ್ಲ, ಅದರ ಕೆಳಗೆ, ಸ್ವಲ್ಪ ಒಳಗೆ ಬೆರಳಿಟ್ಟು "ಇಲ್ಲೇ ನೋಡ್ರಿ" ಅನ್ನುತ್ತಾರೆ. ಮತ್ತೆ ಕೇಳಿದರೂ ಬೆರಳು ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ಕುಂಡೆಗೆ, ತೊಡೆಯ ಹಿಂದೆ, ಕೆಲವೊಮ್ಮೆ ತೊಡೆಸಂದಿಗೂ ನೋವು ಹರಿಯಬಹುದು. ಮೊಣಕಾಲು ದಾಟಿ ಪಾದದ ತನಕ ಜುಮ್ಮೆನ್ನುತ್ತಾ ಹೋದರೆ ನರದ ಕಡೆ ಅನುಮಾನ ಜಾಸ್ತಿ. ಆಮೇಲೆ ಟೇಬಲ್ ಮೇಲೆ ಮಲಗಿಸಿ ಐದು ರೀತಿ ಒತ್ತಿ, ತಳ್ಳಿ, ಕಾಲು ಮಡಚಿ ನೋಡುತ್ತೇವೆ. ಮೂರರಲ್ಲಾದರೂ ನಿಮ್ಮ ಅದೇ ನೋವು ಎದ್ದರೆ ಈ ಕೀಲಿನ ಮೇಲೆ ಅನುಮಾನ ಗಟ್ಟಿ. ಒಂದೇ ಒಂದು ಪರೀಕ್ಷೆ ಪಾಸಿಟಿವ್ ಬಂದರೆ ಅದಕ್ಕೆ ಬೆಲೆ ಕಮ್ಮಿ. ಪರೀಕ್ಷೆಗೆ ಹತ್ತು ನಿಮಿಷ ಬೇಕು, ಯಾವ ಮಷಿನ್ನೂ ಬೇಡ. ನಿಮಗೆ ಇದನ್ನು ಮಾಡಿದ್ದಾರಾ? ಪತ್ರದಲ್ಲಿಲ್ಲ.

ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದ್ದಕ್ಕೆ ಹೆದರಬೇಡಿ. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, 20ರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಉಬ್ಬಿದ ಡಿಸ್ಕ್ ಇತ್ತು. 80ರವರಲ್ಲಿ ನೂರಕ್ಕೆ 84. ನಿಮ್ಮ ಡಿಸ್ಕ್ ಉಬ್ಬಿರಬಹುದು, ನೋವಿಗೂ ಅದಕ್ಕೂ ಸಂಬಂಧ ಇಲ್ಲದೇ ಇರಬಹುದು. ಇದು ಹಳೆಯ ಜಗಳ. 1905ರ ಸುಮಾರಿಗೆ ಅಮೆರಿಕದ ವೈದ್ಯರು ಟೊಂಕ ನೋವಿಗೆಲ್ಲ ಈ ಕೀಲನ್ನೇ ದೂರುತ್ತಿದ್ದರು. 1934ರಲ್ಲಿ ಡಿಸ್ಕ್ ಹೊರಬಂದು ನರ ಒತ್ತುವುದನ್ನು ಇಬ್ಬರು ಸರ್ಜನ್‌ಗಳು ತೋರಿಸಿಕೊಟ್ಟರು. ಅಲ್ಲಿಂದ ಎಲ್ಲದಕ್ಕೂ ಡಿಸ್ಕೇ ಕಾರಣ ಆಯ್ತು. ಈಗ ಹೊಸ ಸ್ಕ್ರೂಗಳು ಮಾರುಕಟ್ಟೆಗೆ ಬಂದ ಮೇಲೆ ಮತ್ತೆ ಈ ಕೀಲಿನ ಹೆಸರು ಜೋರಾಗಿದೆ. ಬಹುದಿನದ ಟೊಂಕ ನೋವಿನವರಲ್ಲಿ ನೂರಕ್ಕೆ 15ರಿಂದ 30 ಜನರಿಗೆ ನೋವು ಇಲ್ಲಿಂದ ಬರುತ್ತದೆ ಅನ್ನುವುದು ಈಗಿನ ಅಂದಾಜು. ಕಮ್ಮಿಯೇನಲ್ಲ. ಎಲ್ಲರದ್ದೂ ಅಲ್ಲ.

ನಿಮ್ಮ ಕಥೆ ಈ ಕೀಲಿಗೆ ಚೆನ್ನಾಗಿ ಹೊಂದುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಬಸುರಿಯಲ್ಲಿ ಹಾರ್ಮೋನಿನಿಂದ ಕಟ್ಟುಗಳು ಸಡಿಲಾಗುತ್ತವೆ, ಹೊಟ್ಟೆ ಮುಂದೆ ಬಂದು ಭಾರ ಬದಲಾಗುತ್ತದೆ. ಕೀಲಿನ ಸುತ್ತ ನೋವು ಬರುತ್ತದೆ. ಹೆಚ್ಚಿನವರಿಗೆ ಹೆರಿಗೆಯಾದ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಅವರಲ್ಲಿ ನೀವೂ ಒಬ್ಬರಾಗಿರಬಹುದು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತಮ್ಮನ ಸಾಲು. ನೀವು ಅದನ್ನು ಕೊನೆಗೆ, ಸುಮ್ನೆ ಸೇರಿಸಿದ್ದೀರಿ. ನನಗೆ ಅದೇ ಮೊದಲು ಕಂಡಿದ್ದು. 27ರ ಹುಡುಗ, ಬೆಳಗ್ಗೆ ಬೆನ್ನು ಬಿಗಿ, ಕಣ್ಣು ಮತ್ತೆ ಮತ್ತೆ ಕೆಂಪು. ಇದು ವೀಕ್ ಮೂಳೆಯ ಲಕ್ಷಣ ಅಲ್ಲ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಸಂಧಿವಾತ ಇರಬಹುದು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿ ಬೀಳುತ್ತದೆ. ಅದು ಮೊದಲು ಹಿಡಿಯುವುದೇ ಈ ಸ್ಯಾಕ್ರೋಇಲಿಯಾಕ್ ಕೀಲನ್ನು. ಕಣ್ಣಿನ ಒಳಗೂ ಉರಿಯೂತ ಬರುತ್ತದೆ. ಮನೆತನದಲ್ಲಿ ಹರಿಯುತ್ತದೆ. ಗಂಡಸರ ರೋಗ ಅಂತ ಹಳೆಯ ಪುಸ್ತಕದಲ್ಲಿತ್ತು, ಹೆಂಗಸರಿಗೂ ಬರುತ್ತದೆ, ಅವರಲ್ಲಿ ಗುರುತಾಗುವುದು ತಡ.

ಹಾಗಾಗಿ ನೀವೇ ಕೂತು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಬೆಳಗಿನ ಬಿಗಿ ಅರ್ಧ ಗಂಟೆಗಿಂತ ಜಾಸ್ತಿ ಇರುತ್ತದಾ? ಓಡಾಡಿದರೆ ಕಮ್ಮಿಯಾಗಿ, ಮಲಗಿದರೆ ಜಾಸ್ತಿಯಾಗುತ್ತದಾ? ರಾತ್ರಿ ಎರಡು ಮೂರು ಗಂಟೆಗೆ ನೋವಿಗೆ ಎಚ್ಚರಾಗಿ, ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ನಿದ್ದೆ ಬರುತ್ತದಾ? ನೋವು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಹೊರಳುತ್ತದಾ? ಹಿಮ್ಮಡಿ ನೋವು, ಚರ್ಮದ ಮೇಲೆ ಹೊಟ್ಟು ಏಳುವ ಸೋರಿಯಾಸಿಸ್ ಇದೆಯಾ? ಬರೀ ಹೊರಳುವಾಗ, ಏಳುವಾಗ, ಮೆಟ್ಟಿಲು ಹತ್ತುವಾಗ ಮಾತ್ರ ನೋವು, ಮಲಗಿದರೆ ಆರಾಮು ಅಂದರೆ ಭಾರ ಮತ್ತು ಕಟ್ಟುಗಳ ತೊಂದರೆ. ಮೊದಲಿನ ಪ್ರಶ್ನೆಗಳಿಗೆ ಹೌದು ಹೌದು ಅಂತ ಬಂದರೆ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರು, ನೋಡದೆ ಈ ಕೀಲಿಗೆ ಯಾರೂ ಕೈ ಹಾಕಬಾರದು. ಉರಿಯುತ್ತಿರುವ ಕೀಲಿಗೆ ಸ್ಕ್ರೂ ಹಾಕಿದರೆ ರೋಗ ನಿಲ್ಲುವುದಿಲ್ಲ. ಪಕ್ಕದ ಕೀಲಿಗೆ, ಬೆನ್ನಿಗೆ ಹೋಗುತ್ತದೆ.

ಪರೀಕ್ಷೆ ಏನು? ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ. ಇವು ನಾರ್ಮಲ್ ಇದ್ದರೂ ರೋಗ ಇರಬಹುದು. ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಪರೀಕ್ಷೆ ಇದೆ, ಆದರೆ ಪಾಸಿಟಿವ್ ಬಂದವರಲ್ಲಿ ಬಹಳ ಜನಕ್ಕೆ ರೋಗ ಬರುವುದೇ ಇಲ್ಲ. ಬರೀ ಅದನ್ನೇ ನೋಡಿ ಅಳಬೇಡಿ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣುವುದಕ್ಕೆ ವರ್ಷಗಳೇ ಬೇಕು. ಬೇಗ ಹಿಡಿಯುವುದು ಈ ಕೀಲಿಗೆಂದೇ ತೆಗೆದ ಎಂಆರ್‌ಐ. ನೀವು ಮಾಡಿಸಿದ್ದು ಬೆನ್ನಿನದ್ದು. ಅದರಲ್ಲಿ ಈ ಕೀಲು ಅಂಚಿನಲ್ಲಿ ಅರ್ಧಂಬರ್ಧ ಬಂದಿರುತ್ತದೆ. ಚೀಟಿಯಲ್ಲಿ "ಸ್ಯಾಕ್ರೋಇಲಿಯಾಕ್ ಕೀಲು, ಸ್ಟಿರ್ ಸಮೇತ" ಅಂತ ಬರೆಸಿಕೊಂಡು ಹೋಗಿ. ಸ್ಟಿರ್ ಅಂದರೆ ಮೂಳೆಯೊಳಗಿನ ಬಾವು ಎದ್ದು ಕಾಣುವ ಹಾಗೆ ಎಂಆರ್‌ಐ ತೆಗೆಯುವ ರೀತಿ. ಮಕ್ಕಳಾದ ಹೆಂಗಸರಲ್ಲಿ ಒಂದು ಮೋಸವೂ ಇದೆ. ಎಕ್ಸ್‌ರೇಯಲ್ಲಿ ಕೀಲಿನ ಪಕ್ಕದ ಮೂಳೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಹೆರಿಗೆಯಾದ ಹೊಸದರಲ್ಲಿ ಎಂಆರ್‌ಐಯಲ್ಲಿ ಬಾವು ಕೂಡ ಕಾಣಬಹುದು. ಇದನ್ನು ಸಂಧಿವಾತ ಅಂದುಕೊಂಡು ಜೀವನಪೂರ್ತಿ ಔಷಧಿ ಶುರುಮಾಡುವುದೂ ಉಂಟು. ಅದಕ್ಕೇ ರಿಪೋರ್ಟ್ ಹಾಳೆ ಜೊತೆ ಸಿಡಿಯನ್ನೂ ಕೊಂಡೊಯ್ಯಿರಿ.

ತಮ್ಮನಿಗೆ ಹೇಳಿ, ಮುಂದಿನ ಸಲ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಮೆಡಿಕಲ್ ಶಾಪಿನ ಹನಿ ಹಾಕಿಕೊಂಡು ಕೂರುವುದು ಬೇಡ. ಅದೇ ದಿನ ಕಣ್ಣಿನ ಡಾಕ್ಟರು. ಬಿಟ್ಟರೆ ದೃಷ್ಟಿಗೆ ಕುತ್ತು. ಬೆನ್ನಿನ ರೋಗ ಖಚಿತವಾದರೂ ಹೆದರುವ ಕಾಲ ಈಗಿಲ್ಲ. ವ್ಯಾಯಾಮ ಮತ್ತು ಸರಿಯಾದ ನೋವಿನ ಮಾತ್ರೆಯಿಂದಲೇ ಅರ್ಧ ಜನ ಚೆನ್ನಾಗಿರುತ್ತಾರೆ. ಅದು ಸಾಲದಿದ್ದರೆ ರಕ್ಷಣಾ ವ್ಯವಸ್ಥೆಯ ಈ ದಾಳಿಯನ್ನು ತಗ್ಗಿಸುವ ಬಯೋಲಾಜಿಕ್ ಸೂಜಿಗಳಿವೆ. 2014ರ ಕೊನೆಗೆ ಅವುಗಳಲ್ಲೊಂದಾದ ಅಡಾಲಿಮುಮ್ಯಾಬ್ ಔಷಧಿ ನಮ್ಮ ದೇಶದಲ್ಲೇ ತಯಾರಾಗಿ ಬಂದ ಮೇಲೆ ಬೆಲೆಯೂ ಇಳಿದಿದೆ. ಆದರೆ ಈ ಗುಂಪಿನ ಸೂಜಿಯ ದೊಡ್ಡ ಅಪಾಯ ನಮ್ಮ ದೇಶದಲ್ಲಿ ಟಿಬಿ. ಮೈಯಲ್ಲಿ ಮಲಗಿದ್ದ ಟಿಬಿ ಎದ್ದುಬರಬಹುದು. ಎದೆಯ ಎಕ್ಸ್‌ರೇ, ಟಿಬಿಯ ಚರ್ಮ ಪರೀಕ್ಷೆ ಅಥವಾ ರಕ್ತ ಪರೀಕ್ಷೆ ಇಲ್ಲದೆ ಯಾರಾದರೂ ಶುರುಮಾಡಿದರೆ ಎದ್ದು ಬನ್ನಿ.

ಸೋಂಕಿನ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಕುರಿ, ಆಡು, ಎಮ್ಮೆ ಇರುವ ಮನೆಯವರಲ್ಲಿ ಬ್ರುಸೆಲ್ಲಾ ಅನ್ನುವ ಸೋಂಕು ಈ ಕೀಲನ್ನೇ ಹುಡುಕಿಕೊಂಡು ಬರುತ್ತದೆ. ಹಸಿ ಹಾಲು ಕುಡಿದವರಿಗೆ, ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತಿದವರಿಗೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಒಂದು ಕಡೆ ಟೊಂಕ ನೋವು. ಟಿಬಿಯೂ ಹೀಗೇ ಒಂದು ಕಡೆಗೆ ಕೂರುತ್ತದೆ. ಯಾದಗಿರಿ, ಸುರಪುರ ಕಡೆಯ ಕುರಿಗಾಹಿಗಳು ಟೊಂಕ ನೋವು ಅಂದರೆ ನಾನು ಜ್ವರದ ಬಗ್ಗೆ ಕೇಳದೆ ಬಿಡುವುದಿಲ್ಲ. ಇಂಥ ಕೀಲಿಗೆ ಸ್ಟೆರಾಯ್ಡ್ ಸೂಜಿ ಹಾಕಿದರೆ ನಾಲ್ಕು ದಿನ ಆರಾಮು, ಆಮೇಲೆ ಸೋಂಕು ಕೆರಳುತ್ತದೆ. ನಿಮಗೆ ಜ್ವರ ಇಲ್ಲ ಅಂದುಕೊಂಡು ಮುಂದೆ ಹೋಗುತ್ತೇನೆ. ಇದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ತೋರಿಸಿ.

ಈಗ ನಿಮಗೆ ಹಾಕಿದ ಸೂಜಿ. "ಅಲ್ಲೇ ಟೇಬಲ್ ಮೇಲೆ ಮಲಗಿಸಿ" ಅಂತ ಬರೆದಿದ್ದೀರಿ. ಮಷಿನ್ ನೋಡಿಕೊಂಡು ಹಾಕಿದ್ದಲ್ಲ ಅಂತ ಅರ್ಥ. ಈ ಕೀಲು ಆಳದಲ್ಲಿದೆ, ಓರೆಯಾಗಿದೆ, ಬಾಯಿ ಕಿರಿದು. ಕೈ ಅಂದಾಜಿನಲ್ಲಿ ಹಾಕಿದ ಸೂಜಿ ಎಲ್ಲಿ ಹೋಯಿತು ಅಂತ ಸಿಟಿ ಸ್ಕ್ಯಾನ್‌ನಲ್ಲಿ ನೋಡಿದ ಒಂದು ಅಧ್ಯಯನ 2000ರಲ್ಲಿ ಬಂತು. ನೂರಕ್ಕೆ 22 ಸಲ ಮಾತ್ರ ಔಷಧಿ ಕೀಲಿನೊಳಗೆ ಹೋಗಿತ್ತು. ನಿಮ್ಮ ಎರಡು ವಾರದ ಆರಾಮಿನಿಂದ ಏನೂ ತೀರ್ಮಾನ ಮಾಡಲಾಗುವುದಿಲ್ಲ. ಕೀಲಿನ ಹೊರಗಿನ ಕಟ್ಟಿಗೆ ತಾಗಿ ಆರಾಮಾಗಿರಬಹುದು. ಸ್ಟೆರಾಯ್ಡ್ ರಕ್ತಕ್ಕೆ ಸೇರಿ ಇಡೀ ಮೈಯ ಉರಿಯೂತ ತಗ್ಗಿ ಆರಾಮಾಗಿರಬಹುದು. ಆ ಆರಾಮನ್ನೇ ಸಾಕ್ಷಿ ಮಾಡಿಕೊಂಡು ಸ್ಕ್ರೂ ಹಾಕಲು ಹೊರಟಿದ್ದರೆ ಅದು ತಪ್ಪು ಲೆಕ್ಕ.

ಸರಿಯಾದ ವಿಧಾನ ಹೀಗೆ. ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್‌ರೇ ಮಷಿನ್ನಿನಲ್ಲಿ ನೋಡುತ್ತಾ ಕೀಲಿನ ಕೆಳತುದಿಗೆ ಸಣ್ಣ ಸೂಜಿ ಇಡುತ್ತಾರೆ. ಮೊದಲು ಒಂದೆರಡು ಹನಿ ಡೈ ಬಿಡುತ್ತಾರೆ. ಸ್ಕ್ರೀನ್ ಮೇಲೆ ಕೀಲಿನ ಉದ್ದಕ್ಕೆ ಸಣ್ಣ ಕಪ್ಪು ಗೆರೆ ಮೂಡಿದರೆ ಒಳಗಿದೆ ಅಂತ. ಗೆರೆ ಬದಲು ಮೋಡದ ಹಾಗೆ ಹರಡಿದರೆ ಹೊರಗಿದೆ. ಆಮೇಲೆ ಮರಗಟ್ಟಿಸುವ ಔಷಧಿ. ಈ ಕೀಲು ಹಿಡಿಯುವುದೇ ಒಂದೆರಡು ಮಿಲಿಲೀಟರ್. ಆಮೇಲೆ ನಿಮ್ಮ ಕೆಲಸ ಶುರು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿಯಿರಿ, ಕೆಳಗೆ ಕೂತು ಏಳಿ, ಮಂಚದ ಮೇಲೆ ಹೊರಳಿ. ಮೊದಲ ಎರಡು ಮೂರು ಗಂಟೆಯಲ್ಲಿ ನೋವು ಎಷ್ಟು ಉಳಿಯಿತು ಅಂತ ಬರೆದಿಡಿ. ಹತ್ತರಲ್ಲಿ ಎಂಟಿದ್ದ ನೋವು ಎರಡಕ್ಕೆ ಇಳಿದರೆ, ಇನ್ನೊಂದು ದಿನ ಮಾಡಿದಾಗಲೂ ಹಾಗೇ ಇಳಿದರೆ, ನೋವು ಈ ಕೀಲಿನದ್ದು ಅಂತ ಹೇಳಲು ಧೈರ್ಯ ಬರುತ್ತದೆ. ಬಸುರಿ ಇರಬಹುದು ಅನ್ನುವ ಸಣ್ಣ ಅನುಮಾನ ಇದ್ದರೂ ಎಕ್ಸ್‌ರೇ ಮೊದಲು ಹೇಳಿಬಿಡಿ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಔಷಧಿ ನರದ ಕಡೆ ಸೋರಿದರೆ ಆ ಕಾಲು ಕೆಲವು ಗಂಟೆ ಮರಗಟ್ಟಿ ಸೋಲುತ್ತದೆ. ಹೆದರಬೇಡಿ, ಆದರೆ ಒಬ್ಬರೇ ಹೋಗಬೇಡಿ, ಸ್ಕೂಟಿ ಓಡಿಸಬೇಡಿ. ಸ್ಟೆರಾಯ್ಡ್ ಸೇರಿಸಿದ್ದರೆ ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತದೆ. ಮುಖ ಕೆಂಪಾಗಬಹುದು, ಮುಟ್ಟು ಏರುಪೇರಾಗಬಹುದು. ಸೋಂಕು ಅಪರೂಪ. ಬಂದರೆ ಕೆಟ್ಟದ್ದು. ಸೂಜಿ ಹಾಕಿಸಿದ ಮೂರು ನಾಲ್ಕು ದಿನದ ಮೇಲೆ ಚಳಿ ಜ್ವರ, ನೋವು ಮೊದಲಿಗಿಂತ ಜೋರು ಅಂದರೆ ಕಾಯಬಾರದು. ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಸ್ಟೆರಾಯ್ಡ್ ಸೂಜಿ ನಾನು ಯಾರಿಗೂ ಒಪ್ಪುವುದಿಲ್ಲ. ಎರಡನೆಯದೂ ಎರಡೇ ವಾರ ಕೆಲಸ ಮಾಡಿದರೆ ಮೂರನೆಯದು ಯಾಕೆ?

ಇದಕ್ಕಿಂತ ಹೆಚ್ಚು ಅನಾಹುತ ಆಗುವುದು ಊರಿನಲ್ಲಿ ಕುಂಡೆಗೆ ಹಾಕಿಸಿಕೊಳ್ಳುವ ನೋವಿನ ಸೂಜಿಯಿಂದ. ಜಾಗ ತಪ್ಪಿ ನರಕ್ಕೆ ತಾಗಿದರೆ ಕರೆಂಟ್ ಹೊಡೆದ ಹಾಗಾಗಿ ಪಾದವೇ ಜೋತು ಬೀಳಬಹುದು. ತಿಂಗಳುಗಟ್ಟಲೆ ಏಳುವುದಿಲ್ಲ, ಕೆಲವರದ್ದು ಏಳುವುದೇ ಇಲ್ಲ. ಮಾತ್ರೆಯಲ್ಲಿ ಆಗುವ ಕೆಲಸಕ್ಕೆ ಈ ಅಪಾಯ ಬೇಡ. ಮಾತ್ರೆಯೂ ಕಡಲೆ ತಿಂದ ಹಾಗೆ ತಿನ್ನುವುದಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೀರು ಕುಡಿಯದೆ, ಬೆವರಿ, ಮೇಲೆ ಡೈಕ್ಲೋಫೆನಾಕ್ ನುಂಗಿದರೆ ಕಿಡ್ನಿಗೆ ಪೆಟ್ಟು. ಹೊಟ್ಟೆ ಹುಣ್ಣು ಇದ್ದೇ ಇದೆ. ಇನ್ನು ಹೆಸರಿಲ್ಲದ ಪುಡಿ, ಹೆಸರಿಲ್ಲದ ಗುಳಿಗೆ. ಎರಡೇ ದಿನಕ್ಕೆ ಜಾದೂ ಮಾಡಿದರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದು. ವರ್ಷ ತಿಂದರೆ ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ, ಈ ಕೀಲಿನ ಪಕ್ಕದ ತ್ರಿಕೋನದ ಮೂಳೆಯೇ ಬೀಳದೆಯೂ ಬಿರುಕು ಬಿಡಬಹುದು. ಈಗಾಗಲೇ ತಿನ್ನುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಡಾಕ್ಟರಿಗೆ ತೋರಿಸಿ ಮೆಲ್ಲಗೆ ಇಳಿಸಬೇಕು.

ಹಾಗಾದರೆ ಏನು ಮಾಡಲಿ ಅಂತೀರಿ. ಬೇಸರದ ಉತ್ತರವೇ ಸರಿ ಉತ್ತರ: ಮೂರರಿಂದ ಆರು ತಿಂಗಳು ಕ್ರಮವಾಗಿ ವ್ಯಾಯಾಮ. ಒಂದು ವಾರ ಶೇಕ ಕೊಟ್ಟು, ಕರೆಂಟ್ ಹಿಡಿಸಿಕೊಂಡು ಬಂದು "ಫಿಸಿಯೋ ಆಯ್ತು" ಅನ್ನುವುದಲ್ಲ. ಕುಂಡೆಯ ಸ್ನಾಯು, ಹೊಟ್ಟೆಯ ಒಳಪದರದ ಸ್ನಾಯು ಗಟ್ಟಿಯಾಗಬೇಕು. ಸಿಸೇರಿಯನ್ ಆದವರಲ್ಲಿ ಹೊಟ್ಟೆಯ ಸ್ನಾಯು ಸೋತಿರುತ್ತದೆ, ಯಾರೂ ಅದನ್ನು ಮತ್ತೆ ಎಬ್ಬಿಸಿರುವುದಿಲ್ಲ. ಮಲಗಿ, ಮೊಣಕಾಲು ಮಡಚಿ, ಕುಂಡೆ ಎತ್ತಿ ಹಿಡಿಯುವುದು. ಮಗ್ಗುಲಾಗಿ ಮಲಗಿ ಮೇಲಿನ ಮೊಣಕಾಲನ್ನು ತೆರೆಯುವುದು. ಫಿಸಿಯೋ ಒಮ್ಮೆ ಸರಿಯಾಗಿ ಕಲಿಸಿದರೆ ಮನೆಯಲ್ಲೇ ಸಾಕು. ವಿಟಮಿನ್ ಡಿ ಒಮ್ಮೆ ನೋಡಿಸಿ. ಬಿಸಿಲ ನಾಡಿನಲ್ಲೂ ಅದರ ಕೊರತೆ ಸಾಮಾನ್ಯ. ತೀರಾ ಕಮ್ಮಿ ಇದ್ದರೆ ಮೂಳೆ ಮೆತ್ತಗಾಗಿ ಇದೇ ಜಾಗದಲ್ಲಿ ನೋಯುತ್ತದೆ.

ಬೆಲ್ಟ್ ಇದೆಯಾ? ಎಲ್ಲಿ ಕಟ್ಟುತ್ತೀರಿ? ಹೆಚ್ಚಿನವರು ಸೀರೆ ನೆರಿಗೆ ಸಿಕ್ಕಿಸುವ ಜಾಗಕ್ಕೆ ಅಗಲ ಬೆಲ್ಟ್ ಬಿಗಿಯುತ್ತಾರೆ. ಅದು ಬೆನ್ನಿನ ಬೆಲ್ಟ್. ಈ ಕೀಲಿಗೆ ಬೇಕಾದದ್ದು ಕಿರಿದಾದ ಬೆಲ್ಟ್, ಅದಕ್ಕಿಂತ ಕೆಳಗೆ. ಟೊಂಕದ ಮುಂದಿನ ಎರಡು ಮೂಳೆ ಮೊನೆಗಳ ಕೆಳಗೆ, ತೊಡೆ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಗುಬುಟಿಗಿಂತ ಸ್ವಲ್ಪ ಮೇಲೆ. ಬಸ್ ಪ್ರಯಾಣಕ್ಕೆ, ತರಗತಿಯಲ್ಲಿ ನಿಲ್ಲುವಾಗ ಕಟ್ಟಿ, ಮನೆಯಲ್ಲಿ ಬಿಚ್ಚಿ.

ರೊಟ್ಟಿ ಬಿಡಿ ಅಂತ ನಾನು ಹೇಳಲಾರೆ, ಹೇಳಿದರೂ ಕೇಳುವವರು ಯಾರು? ಒಲೆಯನ್ನು ಕಟ್ಟೆ ಮೇಲಿಟ್ಟು ನಿಂತು ಬಡಿಯಿರಿ. ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಫರಸಿ ಮೇಲೆ ಕೂರುವ ಭಂಗಿ ಇದೆಯಲ್ಲ, ಅದೇ ಈ ಕೀಲನ್ನು ಒಂದೇ ಕಡೆ ತಿರುಚುವುದು. ಮಗುವನ್ನು ಬಲ ಟೊಂಕದ ಮೇಲೆ ಕೂರಿಸಿಕೊಳ್ಳುವುದೂ ಹಾಗೇ. ಹೊರಳುವಾಗ ಎರಡು ಮೊಣಕಾಲ ನಡುವೆ ದಿಂಬು ಒತ್ತಿ ಹಿಡಿದು, ಇಡೀ ಮೈ ಒಟ್ಟಿಗೆ ತಿರುಗಿಸಿ. ಬಸ್ಸಿನ ಎತ್ತರದ ಮೆಟ್ಟಿಲಿಗೆ ನೋವಿಲ್ಲದ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಹಿಂದಿನ ಸೀಟು ಬೇಡ. ಗಂಡನ ಬೈಕಿನಲ್ಲಿ ಒಂದೇ ಪಕ್ಕಕ್ಕೆ ಕೂರುವುದಕ್ಕಿಂತ ಎರಡೂ ಕಡೆ ಕಾಲು ಹಾಕಿ ಕೂತರೆ ಒಳ್ಳೆಯದು.

ಇಷ್ಟೆಲ್ಲ ಆರು ತಿಂಗಳು ಮಾಡಿ, ಸಂಧಿವಾತ ಮತ್ತು ಸೋಂಕು ಇಲ್ಲ ಅಂತ ಖಚಿತವಾಗಿ, ಎರಡು ಸಲದ ಸಿ-ಆರ್ಮ್ ಸೂಜಿಯೂ ಈ ಕೀಲನ್ನೇ ತೋರಿಸಿದರೆ ಮುಂದಿನ ದಾರಿ ಎರಡು. ಒಂದು, ರೇಡಿಯೋಫ್ರೀಕ್ವೆನ್ಸಿ. ಕೀಲಿನ ಹಿಂಭಾಗದ ನೋವು ಒಯ್ಯುವ ಸಣ್ಣ ನರಗಳನ್ನು ಸೂಜಿಯ ತುದಿಯ ಬಿಸಿಯಿಂದ ಸುಡುತ್ತಾರೆ. ದೊಡ್ಡ ಊರುಗಳ ಪೇನ್ ಕ್ಲಿನಿಕ್‌ಗಳಲ್ಲಿ ಮಾಡುತ್ತಾರೆ. ಕೆಲಸ ಮಾಡಿದವರಿಗೆ ಆರು ತಿಂಗಳಿಂದ ವರ್ಷ ಆರಾಮು, ನರ ಮತ್ತೆ ಬೆಳೆದಾಗ ನೋವೂ ವಾಪಸ್. ಮೊದಲ ಕೆಲವು ವಾರ ಕುಂಡೆಯ ಚರ್ಮ ಜೋಮು ಹಿಡಿಯಬಹುದು, ನೋವು ಸ್ವಲ್ಪ ಏರಬಹುದು.

ಎರಡನೆಯದು ಸ್ಕ್ರೂ. ಇದು ಮೋಸದ ಚಿಕಿತ್ಸೆ ಅಲ್ಲ. ತೆರೆದು ಕೂಡಿಸುವ ಆಪರೇಷನ್ ನೂರು ವರ್ಷದಷ್ಟು ಹಳೆಯದು. ಸಣ್ಣ ಗಾಯದಲ್ಲಿ ತ್ರಿಕೋನಾಕಾರದ ಟೈಟಾನಿಯಂ ಕಡ್ಡಿ ಕೂರಿಸುವ ಹೊಸ ವಿಧಾನಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಸರಿಯಾದ ರೋಗಿಯನ್ನು ಆರಿಸಿದರೆ ಬಹಳ ಜನರಿಗೆ ನೋವು ಕಮ್ಮಿಯಾಗುತ್ತದೆ. ಕಷ್ಟ ಇರುವುದು ಆ ಆರಿಸುವುದರಲ್ಲೇ. ಕುಂಡೆಯ ಪಕ್ಕದಲ್ಲಿ ಕೊಯ್ದು, ಸಾಮಾನ್ಯವಾಗಿ ಮೂರು ಕಡ್ಡಿಗಳನ್ನು ಟೊಂಕದ ಮೂಳೆ ದಾಟಿಸಿ ತ್ರಿಕೋನದ ಮೂಳೆಗೆ ಇಳಿಸುತ್ತಾರೆ. ಆ ದಾರಿಯ ಪಕ್ಕದಲ್ಲೇ ಕಾಲಿಗೆ ಹೋಗುವ ನರಗಳ ರಂಧ್ರ ಇದೆ. ಕಡ್ಡಿ ಕೆಲವೇ ಮಿಲಿಮೀಟರ್ ಆಚೀಚೆ ಆದರೆ ನರಕ್ಕೆ ತಾಗುತ್ತದೆ. ಕುಂಡೆಯ ರಕ್ತನಾಳ ಕೊಯ್ದು ಒಳಗೆ ರಕ್ತ ಕಟ್ಟಬಹುದು. ಸೋಂಕು ಬರಬಹುದು. ತಿಂಗಳುಗಳು ಆರಾಮಾಗಿದ್ದು ಮತ್ತೆ ನೋವು ಶುರುವಾದರೆ ಕಡ್ಡಿ ಸಡಿಲಾಗಿದೆಯಾ, ಮೂಳೆ ಕೂಡಿಲ್ಲವಾ ಅಂತ ನೋಡಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ತಡ. ಎಲ್ಲ ಸರಿ ಕೂತು, ನೋವು ಮಾತ್ರ ಹೋಗದಿರುವುದೂ ಉಂಟು. ನೋವು ಬೇರೆ ಕಡೆಯಿಂದ ಬರುತ್ತಿದ್ದರೆ ಹೀಗಾಗುತ್ತದೆ.

ನಿಮ್ಮ ಸರ್ಜನ್‌ಗೆ ಕೇಳಿ: ಈ ಕೀಲೇ ಅಂತ ಹೇಗೆ ಖಚಿತ ಮಾಡಿದಿರಿ? ಸಿ-ಆರ್ಮ್‌ನಲ್ಲಿ ಎರಡು ಸಲ ಪರೀಕ್ಷೆಯ ಸೂಜಿ ಹಾಕುತ್ತೀರಾ? ರುಮಟಾಲಜಿಸ್ಟ್ ಅಭಿಪ್ರಾಯ ತಗೊಂಡಿರಾ? ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಎಷ್ಟು ಜನರಿಗೆ ಕಡ್ಡಿ ತೆಗೆಯಬೇಕಾಯಿತು? ಮುಂದೆ ಮಕ್ಕಳು ಬೇಕು ಅನ್ನುವ ಯೋಚನೆ ಇದ್ದರೆ ಅದನ್ನೂ ಆಗಲೇ ಹೇಳಿ. ಊರುಗೋಲು ಹಿಡಿದು ಮೂರರಿಂದ ಆರು ವಾರ ನಡೆಯಬೇಕಾಗಬಹುದು. ಎರಡು ವರ್ಷದ ಮಗು ಇರುವ ಮನೆ, ಎತ್ತಿಕೊಳ್ಳುವವರು ಬೇಕು, ಶಾಲೆಗೆ ರಜೆ ಬೇಕು. ಒಂದು ವೇಳೆ ಆಪರೇಷನ್ ಮಾಡಿಸಿಕೊಂಡರೆ ಎಚ್ಚರಾದ ಕೂಡಲೇ ಕಾಲಿನ ಹೆಬ್ಬೆರಳು ಎತ್ತಿ ನೋಡಿ. ಮೊದಲಿಲ್ಲದ ಕಾಲು ಸೆಳೆತ, ಜೋಮು, ಪಾದ ಸೋಲುವುದು ಕಂಡರೆ "ಆಪರೇಷನ್ ನೋವು, ತಾನೇ ಹೋಗುತ್ತೆ" ಅಂದರೂ ಸುಮ್ಮನಾಗಬೇಡಿ. ಅದೇ ದಿನ ಸಿಟಿ ಸ್ಕ್ಯಾನ್ ಮಾಡಿ ಅಂತ ಕೇಳಿ. ನರಕ್ಕೆ ತಾಗಿದ ಕಡ್ಡಿಯನ್ನು ಬೇಗ ತೆಗೆದಷ್ಟೂ ಕಾಲು ಸರಿಯಾಗುವ ಸಾಧ್ಯತೆ ಜಾಸ್ತಿ.